ರಕ್ಷಕನೆಂಬ ನಾಮದ ಅರ್ಥವು

ಸೊರಬ, ಶಿಕಾರಿಪುರ ತಾಲ್ಲೂಕುಗಳ ಹಳ್ಳಿಗಳಿಂದ ಬಂದು ನಮ್ಮ ಶಾಲೆಯಲ್ಲಿ ಓದಿಹೋದ ಹೆಣ್ಣುಮಕ್ಕಳು ಅನೇಕರಿದ್ದಾರೆ. ಅವರಿಂದಲೂ ಅವರ ತಾಯಿತಂದೆಗಳಿಂದಲೂ ನಾವು ಆಗಾಗ ಕೇಳುತ್ತ ಬಂದ ಪ್ರಶ್ನೆಯೊಂದುಂಟು: ಕ್ರೈಸ್ತರು ಯೇಸುಸ್ವಾಮಿಯನ್ನು ರಕ್ಷಕನೆಂದು ಕರೆಯುತ್ತಾರಲ್ಲಾ, ಆತನು ಯಾವದರಿಂದ ರಕ್ಷಿಸುತ್ತಾನೆ? ಪ್ರಶ್ನೆಯು ಸಣ್ಣದು, ಆದರೆ ಕ್ಯಾಸನೂರಿನ ಕಾಡಿನ ಮಗ್ಗುಲಲ್ಲಿ ಬಾಳುವವರು ಅದನ್ನು ಕೇಳುವಾಗ ಅದರಲ್ಲಿ ಬೇರೊಂದು ಭಾರವಿರುತ್ತದೆ. ಪೋಷಕ ಮಹಾಶಯರಲ್ಲಿ ಕ್ರೈಸ್ತರಲ್ಲದವರೂ ಈ ಸಂಚಿಕೆಯನ್ನು ಓದುವರಾದಕಾರಣ, ನಾವು ನಂಬಿರುವದನ್ನು ಎಲ್ಲರಿಗೂ ತಿಳಿಯುವಂತೆ ಹೇಳಲು ಯತ್ನಿಸುವೆವು.

ಮೊದಲು ಹೆಸರಿನ ಮಾತು. ಯೇಸು ಎಂಬದು ಇಬ್ರಿಯ ಭಾಷೆಯ ಯೆಹೋಶುವ ಎಂಬ ಹೆಸರು ಗ್ರೀಕಿನ ಮೂಲಕ ಹಾದು ಬಂದ ರೂಪವು. ದೇವರು ರಕ್ಷಿಸುತ್ತಾನೆ ಎಂಬದೇ ಅದರ ಅರ್ಥ. ಆ ಕಾಲದ ಯೆಹೂದ್ಯರಲ್ಲಿ ಅದು ಅಪರೂಪದ ಹೆಸರಲ್ಲ. ನಮ್ಮಲ್ಲಿ ರಾಮಪ್ಪ, ಬಸಪ್ಪ ಎಂಬವು ಹೇಗೋ ಹಾಗೆ ಊರೂರಲ್ಲಿ ಕೇಳಿಬರುತ್ತಿದ್ದ ಹೆಸರೇ ಸರಿ. ಕ್ರಿಸ್ತ ಎಂಬದು ಮನೆತನದ ಹೆಸರೆಂದು ಕೆಲವು ಮಕ್ಕಳು ತಿಳಿಯುತ್ತಾರೆ. ಹಾಗಲ್ಲ, ಅದು ಪದವಿ. ಇಬ್ರಿಯರ ಮೆಸ್ಸೀಯ ಎಂಬುದಕ್ಕೆ ಗ್ರೀಕಿನಲ್ಲಿ ಸಮಾನವಾದ ಶಬ್ದವದು, ಅಭಿಷಿಕ್ತನು ಎಂದರ್ಥ. ಅರಸರನ್ನೂ ಯಾಜಕರನ್ನೂ ಎಣ್ಣೆಯಿಂದ ಅಭಿಷೇಕಿಸುವದು ಆ ಜನರ ಪದ್ಧತಿಯಾಗಿತ್ತು.

ಇನ್ನು ಕನ್ನಡದ ಮಾತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ದೊರೆಗಳು 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡವನ್ನು ಕಲಿತು, ವೇದಪುಸ್ತಕವನ್ನು ನಮ್ಮ ನುಡಿಗೆ ತರುವ ಕಾರ್ಯದಲ್ಲಿ ಬಹು ವರ್ಷ ದುಡಿದರು. ಅವರ ತರುವಾಯ ಮಂಗಳೂರಿನ ಬಾಸೆಲ್ ಮಿಷನ್ನಿನವರು ಬಂದರು. ಅವರಲ್ಲಿ ಕಿಟ್ಟೆಲ್ ಪಂಡಿತರು 1894ರ ನಿಘಂಟಿನಿಂದ ಎಲ್ಲರಿಗೂ ಪರಿಚಿತರು. ಆದರೆ ಅವರು 1862ರಲ್ಲಿಯೇ ಕ್ರಿಸ್ತನ ಚರಿತ್ರೆಯನ್ನು ಈ ದೇಶದ ಛಂದಸ್ಸಿನಲ್ಲಿ ಹಾಡಿ 'ಕಥಾಮಾಲೆ'ಯೆಂಬ ಕೃತಿಯನ್ನು ಪ್ರಕಟಿಸಿದರೆಂಬದು ಬಹಳ ಮಂದಿಗೆ ತಿಳಿಯದು. ಪರದೇಶದ ಪಂಡಿತನಿಗೂ ಈ ಕಥೆಯು ಕನ್ನಡದ ಕಿವಿಗೆ ಒಪ್ಪುವ ಹಾಗಿರಬೇಕೆಂದು ತೋರಿತು. ಅದು ನಮಗೆ ಸಂತೋಷದ ಸಂಗತಿ.

ಕನ್ನಡ ಕ್ರೈಸ್ತರ ಬಾಯಲ್ಲಿ ನೆಲೆಗೊಂಡ ಶಬ್ದವು ರಕ್ಷಣೆ. ಇದರಲ್ಲಿ ಒಂದು ಸೌಲಭ್ಯವೂ ಒಂದು ತೊಡಕೂ ಇದೆ. ಮುಕ್ತಿ, ಮೋಕ್ಷ ಎಂದೊಡನೆ ಕೇಳುವವರ ಮನಸ್ಸು ಜನ್ಮಜನ್ಮಾಂತರದ ಬಿಡುಗಡೆಯ ಕಡೆಗೆ ಹೋಗುತ್ತದೆ. ರಕ್ಷಣೆ ಎಂದರೆ ತಾಯಿಯು ಮಗುವನ್ನು ಕಾಯುವದು, ಕುರುಬನು ಕುರಿಯನ್ನು ಕಾಯುವದು ಕಣ್ಣಿಗೆ ಕಟ್ಟುತ್ತದೆ. ತೊಡಕೇನೆಂದರೆ, ಹಳ್ಳಿಯಲ್ಲಿ ರಕ್ಷೆ ಎಂದರೆ ಮಗುವಿನ ತೋಳಿಗೆ ಕಟ್ಟುವ ತಾಯತವೂ ಹೌದು. ಯೇಸುವಿನ ಹೆಸರನ್ನು ಅಂಥ ತಾಯತವೆಂದು ಎಣಿಸುವ ಕ್ರೈಸ್ತರೂ ಇಲ್ಲದಿಲ್ಲ. ನಂಬಿದವರ ಮನೆಗೆ ಜ್ವರವು ಬರಲಾರದು, ಬಂದರೆ ಅವರ ನಂಬಿಕೆಯೇ ಕೊರತೆಯದು ಎಂದು ಹೇಳುವವರ ಮಾತು ನಮಗೆ ಕ್ರೂರವೆಂದು ತೋರುತ್ತದೆ.

ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿ ಸೇರಿದ್ದು ಜ್ವರದಿಂದಲೇ. 1957ರಲ್ಲಿ ಆ ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲಿನ ಹಳ್ಳಿಗರಿಗೆ ಕಠಿಣವಾದ ಜ್ವರ ಹಿಡಿಯಿತು. ದಕ್ಷಿಣ ಅಮೆರಿಕದ ಹಳದಿಜ್ವರವು ಇಲ್ಲಿಗೂ ಬಂದಿತೇ ಎಂದು ವಿದ್ವಾಂಸರು ಮೊದಲು ಅಂಜಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಲಾಗಿ ಇದು ಉಣುಗಿನಿಂದ ಹರಡುವ ಹೊಸ ವೈರಸ್ಸೆಂದು ಗೊತ್ತಾಯಿತು. ಸೌದೆಗೂ ಸೊಪ್ಪಿಗೂ ತರಗಿಗೂ ಕಾಡಿಗೆ ಹೋಗುವ ಬಡವರನ್ನೇ ಅದು ಹೆಚ್ಚಾಗಿ ಹಿಡಿಯುತ್ತದೆ. ಹಿಡಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುವರೆಂದು ಲೆಕ್ಕ. ಅದರ ಕಾಲವು ಡಿಸೆಂಬರಿನಿಂದ ಮೇ ತಿಂಗಳ ವರೆಗೆ. ಅಂದರೆ ಕ್ರಿಸ್ಮಸ್ಸಿನಿಂದ ಈಸ್ಟರಿನಾಚೆಗೂ. ನಾವು ರಕ್ಷಕನ ಜನನವನ್ನೂ ಮರಣವನ್ನೂ ಪುನರುತ್ಥಾನವನ್ನೂ ಸ್ಮರಿಸುವ ತಿಂಗಳುಗಳೇ ಅವು. ಉಣುಗು ಕಚ್ಚುವಾಗ ಇವನು ಯಾವ ಮತದವನೆಂದು ನೋಡುವದಿಲ್ಲ.

ಹಾಗಾದರೆ ರಕ್ಷಣೆಯೆಂದರೇನು? ಶಿಲುಬೆಯ ಕಡೆಗೆ ನೋಡಿದರೆ ಒಂದಂಶವು ಸ್ಪಷ್ಟವಾಗುತ್ತದೆ. ಯಾರನ್ನು ನಾವು ರಕ್ಷಕನೆನ್ನುತ್ತೇವೋ ಆತನು ತನ್ನ ಪ್ರಾಣವನ್ನು ಉಳಿಸಿಕೊಳ್ಳಲಿಲ್ಲ; ನೋಡುತ್ತ ನಿಂತವರು ಅದನ್ನೇ ಹಿಡಿದು ಹಾಸ್ಯಮಾಡಿದರೆಂದು ಸುವಾರ್ತೆಗಳೇ ಹೇಳುತ್ತವೆ. ಆದಕಾರಣ ಆತನ ಹಿಂದೆ ಹೋಗುವವರು ನೋವೇ ಇಲ್ಲದ ಬಾಳನ್ನು ನಿರೀಕ್ಷಿಸುವ ಹಾಗಿಲ್ಲ. ಸಭೆಯ ಬೋಧನೆ ಇದು: ಮನುಷ್ಯನು ದೇವರಿಂದಲೂ ನೆರೆಯವನಿಂದಲೂ ತನ್ನನ್ನು ತಾನೇ ಅಗಲಿಸಿಕೊಂಡಿದ್ದಾನೆ, ಅದೇ ಪಾಪವು. ಆ ಅಗಲಿಕೆಯನ್ನು ದೇವರೇ ಮನುಷ್ಯನಾಗಿ ಬಂದು ದಾಟಿದನು. ಯೇಸುವು ಪೂರ್ಣ ದೇವರೂ ಪೂರ್ಣ ಮನುಷ್ಯನೂ ಎಂದು 451ರಲ್ಲಿ ಕಾಲ್ಸಿದೋನಿನ ಮಹಾಸಭೆಯು ನಿರ್ಣಯಿಸಿದ್ದು ಪಂಡಿತರ ವಾದಕ್ಕಾಗಿ ಮಾತ್ರವಲ್ಲ. ಆತನು ಮನುಷ್ಯನಲ್ಲದಿದ್ದರೆ ನಮ್ಮ ನೋವು ಆತನದಾಗದು. ದೇವರಲ್ಲದಿದ್ದರೆ ಆ ನೋವಿನಿಂದ ನಮ್ಮನ್ನು ಎತ್ತಲಾರನು. ಆತನು ಮೃತರೊಳಗಿಂದ ಎದ್ದನೆಂಬ ನಂಬಿಕೆಯಿಂದ, ಮರಣವು ಬಾಳಿನ ಕೊನೆಯ ಮಾತಲ್ಲವೆಂಬ ಧೈರ್ಯವು ವಿಶ್ವಾಸಿಗೆ ಬರುತ್ತದೆ. ಜ್ವರದಲ್ಲಿ ಮಗಳನ್ನು ಕಳೆದುಕೊಂಡ ತಾಯಿಗೆ ಇದು ದುಃಖವನ್ನು ಇಲ್ಲದಂತೆ ಮಾಡುವದಿಲ್ಲ. ಅವಳ ಮುಂದೆ ಇದನ್ನು ಮೆಲ್ಲಗೆ ಹೇಳಬೇಕು, ಕೆಲವು ವೇಳೆ ಸುಮ್ಮನೆ ಕೂತಿರಬೇಕು.

ವಿಮೋಚಕನೆಂಬ ಇನ್ನೊಂದು ನಾಮವನ್ನು ಮಲೆನಾಡಿನವರಿಗೆ ವಿವರಿಸುವದು ಸುಲಭ. ದಾಸನ ಬೆಲೆಯನ್ನು ಕೊಟ್ಟು ಅವನನ್ನು ಬಿಡಿಸುವದಕ್ಕೆ ಹಳೆಯ ಕಾಲದಲ್ಲಿ ವಿಮೋಚನೆಯೆಂದು ಹೇಳುತ್ತಿದ್ದರು. ನಮ್ಮ ಹಿರಿಯರು ಜೀತವನ್ನು ಕಣ್ಣಾರೆ ಕಂಡವರು. ತಂದೆಯ ಸಾಲಕ್ಕೆ ಮಗನು ಒಡೆಯನ ಕೊಟ್ಟಿಗೆಯಲ್ಲಿ ದುಡಿಯುತ್ತಿದ್ದನು. 1976ರ ಕಾನೂನು ಅದನ್ನು ರದ್ದುಮಾಡಿತು. ಅಂಥವನ ಸಾಲವನ್ನು ಮತ್ತೊಬ್ಬನು ತೀರಿಸಿ, ಇನ್ನು ನೀನು ಮನೆಗೆ ಹೋಗು ಎಂದರೆ ಅವನಿಗೆ ಹೇಗಾದೀತೋ, ಹಾಗೆ ವಿಶ್ವಾಸಿಯು ಶಿಲುಬೆಯನ್ನು ನೋಡುತ್ತಾನೆ. ಆದರೆ ಹೀಗೆ ಬಿಡುಗಡೆಯಾದವನು ಬೇರೊಬ್ಬನನ್ನು ಕೀಳಾಗಿ ನಡಿಸಿದರೆ ಏನೆನ್ನಬೇಕು? ಕರ್ತನ ಭೋಜನದಲ್ಲಿ ಒಂದೇ ರೊಟ್ಟಿಯನ್ನು ಮುರಿದು ತಿಂದು, ಮದುವೆಯ ಮಾತು ಬಂದಾಗ ಜಾತಿಯನ್ನು ವಿಚಾರಿಸುವ ಕ್ರೈಸ್ತ ಮನೆಗಳು ಇಂದಿಗೂ ಇವೆ. ಅಲ್ಲಿ ರಕ್ಷಣೆಯ ಮಾತು ಇನ್ನೂ ಬಾಗಿಲಾಚೆಯೇ ನಿಂತಿದೆಯೆಂದು ನಾವು ಹೇಳುವೆವು. ಯಾರಿಗಾದರೂ ಬೇಸರವಾದರೆ ಆಗಲಿ.

ಇನ್ನೊಂದು ಸಂಗತಿ. ಸುವಾರ್ತೆಗಳ ಮೂಲ ಗ್ರೀಕಿನಲ್ಲಿ ರಕ್ಷಿಸು ಎಂಬದಕ್ಕೂ ಸ್ವಸ್ಥಮಾಡು ಎಂಬದಕ್ಕೂ ಅನೇಕ ಕಡೆ ಒಂದೇ ಕ್ರಿಯಾಪದವಿದೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿನ ಕಥೆಯಲ್ಲಿ ಬರುವದು ಆ ಪದವೇ. ಆದಕಾರಣ ದೇಹವು ತುಚ್ಛ, ಆತ್ಮವಷ್ಟೇ ಮುಖ್ಯ ಎಂಬ ಬೋಧನೆಯನ್ನು ನಾವು ಒಪ್ಪುವದಿಲ್ಲ. ಯಾರೂ ಮುಟ್ಟಲೊಲ್ಲದ ಕುಷ್ಠರೋಗಿಯನ್ನು ಸ್ವಾಮಿಯು ಕೈಚಾಚಿ ಮುಟ್ಟಿದನು.

ಈ ಕಾರಣದಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಕೆಲವು ಮಾತುಗಳನ್ನು ಹೇಳುವದು ಧರ್ಮಬೋಧನೆಗೆ ಹೊರಗಾದದ್ದಲ್ಲ. ಮಂಗನ ಕಾಯಿಲೆಯು ಮನುಷ್ಯನಿಂದ ಮನುಷ್ಯನಿಗೆ ಹರಡುವದಿಲ್ಲ. ಜ್ವರ ಬಿದ್ದ ನೆರೆಯವಳ ಮನೆಗೆ ಗಂಜಿಯನ್ನು ಒಯ್ಯಲು ಅಂಜಬೇಕಾದದ್ದಿಲ್ಲ. ಹಲವು ವರ್ಷ ಕೊಡುತ್ತಿದ್ದ ಹಳೆಯ ಲಸಿಕೆಯನ್ನು ಈಚೆಗೆ ನಿಲ್ಲಿಸಿದ್ದಾರೆ, ಹೊಸದಕ್ಕಾಗಿ ಪ್ರಯತ್ನ ನಡೆದಿದೆ. ಅದು ಕೈಗೆ ಬರುವ ತನಕ ಕಾಡಿಗೆ ಹೋಗುವವರು ಆರೋಗ್ಯ ಕೇಂದ್ರದಲ್ಲಿ ಕೊಡುವ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು ಹೋಗತಕ್ಕದ್ದು. ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆಯನ್ನು ಒಗೆಯತಕ್ಕದ್ದು. ಮಂಗವು ಸತ್ತುಬಿದ್ದುದನ್ನು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ಆ ದಿನವೇ ತಿಳಿಸಬೇಕು.