ಮನೆಯಲ್ಲಿದ್ದೇ ಇಂಗ್ಲಿಷ್ ಬೋಧನೆಯ ಎಂ.ಎ.

ಅಮರಾಪುರದ ಕಡೆಯ ಕನ್ನಡ ಮಗುವಿಗೆ ಮನೆಯ ಮಾತು ಕನ್ನಡ, ರಾಜ್ಯದ ಮಾತು ತೆಲುಗು, ಇಂಗ್ಲಿಷು ಮೂರನೆಯದು. ಇಂತಹ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದೇ ಒಂದು ಪ್ರತ್ಯೇಕ ಶಾಸ್ತ್ರ. ಹೊರದೇಶಗಳಲ್ಲಿ ಇದನ್ನು ‘ಟೆಸಾಲ್’ ಎನ್ನುವರು. ನೌಕರಿಯನ್ನೂ ಊರನ್ನೂ ಬಿಡದೆ ಇದರಲ್ಲಿ ಎಂ.ಎ. ಪಡೆಯುವ ಅನುಕೂಲವು ಆನ್‌ಲೈನ್ ಶಿಕ್ಷಣದಿಂದ ಒದಗಿದೆ.

ಸಾಹಿತ್ಯದ ಎಂ.ಎ.ಗೂ ಇದಕ್ಕೂ ಭೇದವುಂಟು. ಅಲ್ಲಿ ಷೇಕ್ಸ್‌ಪಿಯರನ ಅಧ್ಯಯನ. ಇಲ್ಲಿ ಮಗು ‘ಸ್ಕೂಲ್’ ಎಂಬುದನ್ನು ‘ಇಸ್ಕೂಲ್’ ಎನ್ನುವುದೇಕೆಂಬ ವಿಚಾರ. ನಮ್ಮ ಆಡುಮಾತು ಪದದ ಮೊದಲಲ್ಲಿ ಅಂತಹ ಒತ್ತಕ್ಷರವನ್ನು ಒಲ್ಲದು. ಕನ್ನಡ, ತೆಲುಗು ಎರಡರಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಡುವೆ. ‘ಎ’, ‘ದಿ’ಗಳಂತಹ ಉಪಪದಗಳೂ ನಮ್ಮಲ್ಲಿಲ್ಲ. ಆದುದರಿಂದ ಗಡಿಯ ಈಚೆಯ ಮಗುವಿನ ತಪ್ಪೂ ಆಚೆಯ ಮಗುವಿನ ತಪ್ಪೂ ಬಹುಮಟ್ಟಿಗೆ ಒಂದೇ. ಇದನ್ನರಿತ ಉಪಾಧ್ಯಾಯರು ಬೆತ್ತ ಹಿಡಿಯರು, ಪಾಠದ ಕ್ರಮವನ್ನು ಬದಲಿಸುವರು.

ಹಣ ಕಟ್ಟುವ ಮುನ್ನ ಎಚ್ಚರಿಕೆ ಅಗತ್ಯ. ಯುಜಿಸಿಯ 2020ರ ನಿಯಮಗಳಂತೆ ಮಾನ್ಯತೆಯುಳ್ಳ ಆನ್‌ಲೈನ್ ಪದವಿಯು ತರಗತಿಯಲ್ಲಿ ಕಲಿತ ಪದವಿಗೆ ಸಮ. ಆದರೆ ಆ ವ್ಯಾಸಂಗಕ್ಕೆ ಆ ಸಾಲಿನಲ್ಲಿ ಅನುಮತಿಯಿರಬೇಕು. ಹೊರದೇಶದ ಪದವಿಯಾದರೆ ಅದರ ಸಮಾನತೆಯನ್ನು ಮೊದಲೇ ವಿಚಾರಿಸಬೇಕು. ಪ್ರೌಢಶಾಲೆಯ ಹುದ್ದೆಗೆ ಬೇಕಾದ ಬಿ.ಎಡ್. ತರಬೇತಿಗೆ ಇದು ಬದಲಾಗದು. ಮಕ್ಕಳೆದುರು ಪಾಠ ಮಾಡಿಸಿ ನೋಡದ ಪದವಿಯಂತೂ ನನಗೆ ರುಚಿಸದು.

ಎರಡು ವರ್ಷದ ವ್ಯಾಸಂಗ ಭಾರವೆನ್ನುವವರಿಗೆ ಬೇರೆ ದಾರಿಗಳುಂಟು. ಹೈದರಾಬಾದಿನಲ್ಲಿ 1958ರಲ್ಲಿ ಹುಟ್ಟಿ 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯವಾದ ಇಂಗ್ಲಿಷ್ ಸಂಸ್ಥೆಯು ದೂರಶಿಕ್ಷಣದಲ್ಲಿ ಬೋಧನೆಯ ಸ್ನಾತಕೋತ್ತರ ಪ್ರಮಾಣಪತ್ರವನ್ನು ನಡೆಸುತ್ತ ಬಂದಿದೆ. ಬೆಂಗಳೂರಿನಲ್ಲಿ 1963ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು ದಕ್ಷಿಣದ ರಾಜ್ಯಗಳು ಕಳುಹಿಸುವ ಉಪಾಧ್ಯಾಯರಿಗೆ ತರಬೇತಿ ಕೊಡಲೆಂದೇ ಹುಟ್ಟಿದ್ದು. ಅಮರಾಪುರದವರಿಗೆ ಹೈದರಾಬಾದಿಗಿಂತ ಬೆಂಗಳೂರೇ ಹತ್ತಿರವಷ್ಟೆ.