ಮುಖ ನೋಡಿ ಬರುವ ಹಣ

2025ರ ಆಗಸ್ಟ್ 2. ವಾರಾಣಸಿಯಲ್ಲಿ ಪ್ರಧಾನಿ ಮೋದಿ ಪಿಎಂ-ಕಿಸಾನ್‌ನ 20ನೇ ಕಂತು ಬಿಡುತ್ತಾರೆ. ಅದೇ ದಿನ ಆಂಧ್ರದ ದರ್ಶಿ ಬಳಿ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ರೈತರಿಗೆ ರಾಜ್ಯದ ಸಹಾಯಧನ ಕೊಡುವ ‘ಅನ್ನದಾತ ಸುಖೀಭವ’ಕ್ಕೆ ಚಾಲನೆ ಕೊಡುತ್ತಾರೆ. ಅಲ್ಲಿಂದ ಎರಡು ಸಾವಿರ, ಇಲ್ಲಿಂದ ಐದು ಸಾವಿರ! ವಿಜಯವಾಡದ ಸುತ್ತಲ ಭತ್ತದ ಗದ್ದೆಯವರಿಂದ ಹಿಡಿದು ವಿಶಾಖಪಟ್ಟಣದ ಆಚೆಯ ಘಟ್ಟದವರವರೆಗೆ ಸುಮಾರು 47 ಲಕ್ಷ ರೈತ ಕುಟುಂಬಗಳು ಆ ಪಟ್ಟಿಯಲ್ಲಿದ್ದವು.

ಇಷ್ಟೊಂದು ಹಣ ದಾರಿ ತಪ್ಪದೆ ಹೋಗುವುದಾದರೂ ಹೇಗೆ? ಬೆರಗು ಇರುವುದೇ ಅಲ್ಲಿ. ಈ ಹಣ ಹುಡುಕುವುದು ಖಾತೆ ಸಂಖ್ಯೆಯನ್ನಲ್ಲ, ಆಧಾರ್ ಸಂಖ್ಯೆಯನ್ನು! ಯಾವ ಆಧಾರ್ ಯಾವ ಬ್ಯಾಂಕಿಗೆ ಕೊನೆಯದಾಗಿ ಜೋಡಣೆಯಾಗಿದೆ ಎಂಬ ಪಟ್ಟಿಯೊಂದು ಮುಂಬೈನ ರಾಷ್ಟ್ರೀಯ ಪಾವತಿ ನಿಗಮದ ಬಳಿ ಇದೆ. ಹಣ ಅದನ್ನು ನೋಡಿ ತಿರುಗುತ್ತದೆ. ಅಂಚೆಯಣ್ಣ ವಿಳಾಸ ಓದದೆ ಮುಖ ನೋಡಿ ಕಾಗದ ಕೊಟ್ಟಂತೆ. ಪಾಡೇರಿನ ರೈತನೊಬ್ಬ ಕೂಲಿಗೆಂದು ವಿಶಾಖಪಟ್ಟಣಕ್ಕೆ ಇಳಿದು, ಅಲ್ಲೊಂದು ಖಾತೆ ತೆರೆದು ಆಧಾರ್ ಜೋಡಿಸಿದನೆನ್ನಿ. ಊರ ಬ್ಯಾಂಕಿನ ಪಾಸ್‌ಬುಕ್ಕನ್ನು ಎಷ್ಟು ಸಲ ಎಂಟ್ರಿ ಮಾಡಿಸಿದರೂ ಖಾಲಿ. ದುಡ್ಡು ಅಷ್ಟರಲ್ಲಿ ಪಟ್ಟಣದ ಖಾತೆಯಲ್ಲಿ ಕೂತಿರುತ್ತದೆ!

ಇನ್ನೂ ಅಚ್ಚರಿ ಬೇಕೆ? ಪಾಡೇರು, ಅರಕು 2022ರ ಏಪ್ರಿಲ್‌ವರೆಗೆ ವಿಶಾಖಪಟ್ಟಣ ಜಿಲ್ಲೆಯವೇ. ಈಗ ಅಲ್ಲೂರಿ ಸೀತಾರಾಮರಾಜು ಜಿಲ್ಲೆಗೆ ಸೇರಿವೆ. ಅಲ್ಲಿನ ಎಷ್ಟೋ ಗಿರಿಜನರ ಕೈಲಿರುವುದು 2006ರ ಅರಣ್ಯ ಹಕ್ಕು ಕಾಯ್ದೆಯ ಪಟ್ಟಾ. ಮಕ್ಕಳಿಗೆ ಬಿಟ್ಟುಹೋಗಬಹುದು, ಮಾರುವಂತಿಲ್ಲ. 2019ರ ಅಕ್ಟೋಬರ್‌ನಲ್ಲಿ ಆಂಧ್ರದ ಆಗಿನ ಜಗನ್ ಸರ್ಕಾರ, ಕೇಂದ್ರದ ಪಾಲೂ ಸೇರಿ ವರ್ಷಕ್ಕೆ 13,500 ರೂಪಾಯಿಯ ‘ರೈತು ಭರೋಸಾ’ ತಂದಾಗ ಆ ಕಾಡಂಚಿನ ಪಟ್ಟಾದಾರರನ್ನೂ ರೈತರೆಂದು ಒಪ್ಪಿಕೊಂಡಿತು. ಮಂಜು ಮುಸುಕಿದ ಬೆಟ್ಟದ ಇಳಿಜಾರಿನಲ್ಲಿರುವವನು ಸರ್ಕಾರದ ಕಣ್ಣಿಗೆ ಬಿದ್ದ!

ಬೀಳದವನು ಎಲ್ಲಿದ್ದಾನೆ ಗೊತ್ತೇ? ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಕೆಳಗೆ, ಕೃಷ್ಣೆಯ ಕಾಲುವೆ ನೀರು ಹರಿಯುವ ಬಟ್ಟ ಬಯಲಿನಲ್ಲಿ. ಅವನು ಕೌಲು ರೈತು, ನಮ್ಮ ಮಾತಿನಲ್ಲಿ ಗೇಣಿದಾರ. ನಾಟಿ ಅವನದು, ಗೊಬ್ಬರದ ಸಾಲ ಅವನದು, ಗೇಣಿಗೆ ಅಳೆದುಕೊಡುವ ಭತ್ತವೂ ಅವನದೇ. ಗ್ರಾಮದ ಕೃಷಿ ಸಹಾಯಕ ಹೊಲಕ್ಕೇ ಬಂದು, ಬೆಳೆಯ ಫೋಟೊ ತೆಗೆದು, ಜಾಗದ ಗುರುತು ಸಮೇತ ಸರ್ಕಾರದ ಬೆಳೆ ನೋಂದಣಿಯಾದ ಇ-ಕ್ರಾಪ್‌ನಲ್ಲಿ ದಾಖಲಿಸುತ್ತಾನೆ. ಪೈರು ದಾಖಲೆಯಲ್ಲಿ ಕಾಣುತ್ತದೆ, ಆದರೆ ಸಹಾಯಧನ ಬೇಕಾದರೆ ಗೇಣಿದಾರನಿಗೆ ಸಾಗುವಳಿ ಹಕ್ಕಿನ ಕಾರ್ಡು ಬೇಕು. ಆಂಧ್ರದ 2019ರ ಕಾಯ್ದೆಯಂತೆ ಆ ಕಾರ್ಡಿಗೆ ಜಮೀನು ಮಾಲೀಕನ ಒಪ್ಪಿಗೆಯೂ ಬೇಕು. ಮಾಲೀಕನಿಗೋ ಭಯ: ಇವತ್ತು ಸಹಿ ಕೊಟ್ಟರೆ ನಾಳೆ ಹೊಲವೇ ಹೋದರೆ? ದೇವರಾಜ ಅರಸರ 1974ರ ಭೂಸುಧಾರಣೆ ಕಂಡ ನಮಗೆ ಈ ಭಯ ಹೊಸದಲ್ಲ. ಸಹಿ ಬೀಳುವುದಿಲ್ಲ; ಹಣ ವಿಜಯವಾಡದಲ್ಲೋ ಹೈದರಾಬಾದಿನಲ್ಲೋ ಇರುವ ಮಾಲೀಕನ ಖಾತೆಗೆ ಹೋಗುತ್ತದೆ. ಇಷ್ಟು ಜಾಣ ಯಂತ್ರ ಎಡವುವುದು ಒಂದು ಸಹಿಯ ಮುಂದೆ!

ನಮ್ಮ ಗಡಿಯನ್ನೇ ನೋಡಿ. ಕನ್ನಡ ಮಾತಾಡುವ ಮಡಕಶಿರಾದ ರೈತ ಆಂಧ್ರದವನು, ಕೇಂದ್ರದ 6,000ದ ಮೇಲೆ ರಾಜ್ಯದ 14,000ಕ್ಕೆ ಅರ್ಹ. ಪಕ್ಕದ ಪಾವಗಡದವನಿಗೆ ಕೇಂದ್ರದ್ದಷ್ಟೇ; ಕರ್ನಾಟಕ ಕೂಡಿಸುತ್ತಿದ್ದ 4,000 ರೂಪಾಯಿ 2023ರಲ್ಲಿ ನಿಂತಿತು. ಮಳೆ ಅದೇ, ಕಡಲೆಕಾಯಿ ಅದೇ!

ಮಡಕಶಿರಾ, ರಾಯದುರ್ಗ, ಆದೋನಿ ಕಡೆ ಹೊಲ ಗೇಣಿಗೆ ಕೊಟ್ಟ ಕನ್ನಡಿಗರು ಇದನ್ನು ಓದುತ್ತಿದ್ದರೆ ಒಂದು ಮಾತು. ಗೇಣಿದಾರನ ಆ ಸಾಗುವಳಿ ಕಾರ್ಡಿನ ಆಯುಷ್ಯ ಹನ್ನೊಂದೇ ತಿಂಗಳು. ಅದರಿಂದ ನಿಮ್ಮ ಭೂಮಿಯ ಒಡೆತನ ಕದಲುವುದಿಲ್ಲ. ದಯವಿಟ್ಟು ಸಹಿ ಹಾಕಿ.