ಕಾಲೇಜು ಭೌತಶಾಸ್ತ್ರಕ್ಕೆ ಅಂತರ್ಜಾಲದ ನೆರವು: ಹೇಗೆ ಬಳಸಬೇಕು?

ಪಿಯುಸಿ ಮುಗಿಸಿ ಬಿ.ಎಸ್ಸಿ. ಅಥವಾ ಇಂಜಿನಿಯರಿಂಗ್ ಮೊದಲ ವರ್ಷಕ್ಕೆ ಸೇರಿದ ಅನೇಕ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರವೇ ಕಬ್ಬಿಣದ ಕಡಲೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನ ತೊಡಕೂ ಸೇರಿಕೊಳ್ಳುತ್ತದೆ. ಟ್ಯೂಷನ್ನಿಗೆ ಕಳುಹಿಸುವಷ್ಟು ಅನುಕೂಲವಿಲ್ಲದ ಮನೆಗಳ ಮಕ್ಕಳು ಮೊದಲ ಸೆಮಿಸ್ಟರಿನಲ್ಲೇ ಧೈರ್ಯಗೆಡುವುದುಂಟು. ಇಂಥವರಿಗೆ ಅಂತರ್ಜಾಲದಲ್ಲಿ ಒಳ್ಳೆಯ ಸಾಮಗ್ರಿ ಉಚಿತವಾಗಿ ಲಭ್ಯವಿದೆ. ಆದರೆ ಅದನ್ನು ಬಳಸುವ ಕ್ರಮ ತಿಳಿದಿರಬೇಕು.

ಮೊದಲು ಬೇಕಾದದ್ದು ಒಂದು ಪಠ್ಯಪುಸ್ತಕ. ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದ ಓಪನ್‌ಸ್ಟ್ಯಾಕ್ಸ್ ಯೋಜನೆ 2012ರಲ್ಲಿ 'ಕಾಲೇಜ್ ಫಿಸಿಕ್ಸ್' ಪುಸ್ತಕವನ್ನು ಹೊರತಂದಿತು. ಇದರಲ್ಲಿ ಕ್ಯಾಲ್ಕುಲಸ್ ಇಲ್ಲ; ಪಿಯುಸಿಯ ಬುನಾದಿ ಗಟ್ಟಿಯಾಗಿಲ್ಲದವರು ಇಲ್ಲಿಂದ ಆರಂಭಿಸಬಹುದು. ಕ್ಯಾಲ್ಕುಲಸ್ ಬಳಸುವ 'ಯೂನಿವರ್ಸಿಟಿ ಫಿಸಿಕ್ಸ್' ಮೂರು ಸಂಪುಟಗಳಲ್ಲಿದ್ದು, ನಮ್ಮ ಪದವಿ ತರಗತಿಗಳಿಗೆ ಹೆಚ್ಚು ಹೊಂದುತ್ತದೆ. ಎರಡನ್ನೂ ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ಮನೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಓದಬಹುದು.

ಎರಡನೆಯದು ಪ್ರಯೋಗ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು 2002ರಲ್ಲಿ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ಆರಂಭಿಸಿದ 'ಫೆಟ್' ಯೋಜನೆಯಲ್ಲಿ ಪರದೆಯ ಮೇಲೆಯೇ ಪ್ರಯೋಗ ಮಾಡಿ ನೋಡಬಹುದು. ಕೆಲವು ಪ್ರಯೋಗಗಳು ಕನ್ನಡದಲ್ಲೂ ಇವೆ.

ಒಂದು ಉದಾಹರಣೆ ನೋಡೋಣ. ಐದು ಮೀಟರ್ ಎತ್ತರದಿಂದ ಎರಡು ಗುಂಡುಗಳನ್ನು ನೆಲಕ್ಕೆ ಸಮಾನಾಂತರವಾಗಿ ಹಾರಿಸುತ್ತೇವೆ. ಒಂದರ ವೇಗ ಸೆಕೆಂಡಿಗೆ 10 ಮೀಟರ್, ಇನ್ನೊಂದರದು 20 ಮೀಟರ್. ಯಾವುದು ಮೊದಲು ನೆಲ ಮುಟ್ಟುತ್ತದೆ? ವೇಗದ ಗುಂಡು ಹೆಚ್ಚು ಹೊತ್ತು ಗಾಳಿಯಲ್ಲಿರುತ್ತದೆ ಎಂದೇ ಹಲವರ ಊಹೆ. ಗಾಳಿಯ ತಡೆ ಇಲ್ಲದಂತೆ ಮಾಡಿ ಪ್ರಯೋಗ ನಡೆಸಿದರೆ ಎರಡೂ ಸುಮಾರು ಒಂದೇ ಸೆಕೆಂಡಿನಲ್ಲಿ ಬೀಳುತ್ತವೆ. ಬೀಳುವ ಸಮಯವನ್ನು ನಿರ್ಧರಿಸುವುದು ಎತ್ತರ ಮತ್ತು ಗುರುತ್ವಾಕರ್ಷಣೆ. ಅಡ್ಡ ವೇಗದಿಂದ ಬದಲಾಗುವುದು ದೂರ ಮಾತ್ರ. ಒಂದು ಸುಮಾರು 10 ಮೀಟರ್, ಇನ್ನೊಂದು ಸುಮಾರು 20 ಮೀಟರ್ ದೂರದಲ್ಲಿ ಬೀಳುತ್ತದೆ. ಗುಂಡಿ ಒತ್ತುವ ಮೊದಲೇ ನಿಮ್ಮ ಊಹೆಯನ್ನು ಕಾಗದದಲ್ಲಿ ಬರೆದಿಡಿ. ಊಹೆ ತಪ್ಪಾದಾಗಲೇ ನಿಯಮ ಮನಸ್ಸಿನಲ್ಲಿ ನಿಲ್ಲುವುದು.

ಮೂರನೆಯದು ಉಪನ್ಯಾಸಗಳು. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಪ್ರಾಧ್ಯಾಪಕರ ಪಾಠಗಳನ್ನು ಉಚಿತವಾಗಿ ನೋಡಬಹುದು. ಅರ್ಥವಾಗದ ಕಡೆ ನಿಲ್ಲಿಸಿ ಮತ್ತೆ ಕೇಳುವ ಅನುಕೂಲ ಇಲ್ಲಿದೆ.

ಆದರೆ ಒಂದು ಎಚ್ಚರಿಕೆ. ಬೇರೆಯವರು ಲೆಕ್ಕ ಬಿಡಿಸುವುದನ್ನು ನೋಡುವಾಗ ಎಲ್ಲವೂ ಸುಲಭವೆನಿಸುತ್ತದೆ. ಪರೀಕ್ಷೆಯಲ್ಲಿ ಮಾತ್ರ ಕೈ ಓಡುವುದಿಲ್ಲ. ಈಜುವುದನ್ನು ದಡದಲ್ಲಿ ಕುಳಿತು ಕಲಿಯಲಾಗದು. ಆದುದರಿಂದ ನೋಡಿದ ಲೆಕ್ಕವನ್ನು ಪರದೆ ಮುಚ್ಚಿ, ಖಾಲಿ ಹಾಳೆಯಲ್ಲಿ ಮೊದಲಿನಿಂದ ಮಾಡಬೇಕು. ಎಲ್ಲಿ ನಿಂತಿತೋ ಅಲ್ಲಿಗೆ ಗುರುತು ಹಾಕಿ, ಮರುದಿನ ಅಧ್ಯಾಪಕರಲ್ಲಿ ಅದನ್ನೇ ಕೇಳಬೇಕು.

ಹೆತ್ತವರಿಗೆ ವಿಷಯ ತಿಳಿಯದಿದ್ದರೂ ಚಿಂತೆಯಿಲ್ಲ. "ಇಂದು ಕಲಿತದ್ದನ್ನು ನನಗೆ ವಿವರಿಸು" ಎಂದು ಮಕ್ಕಳನ್ನು ಕೇಳಿ. ನಮ್ಮ ಮಾತಿನಲ್ಲಿ ವಿವರಿಸಲು ಸಾಧ್ಯವಾದರೆ ಪಾಠ ಅರ್ಥವಾಗಿದೆ ಎಂದೇ ತಿಳಿಯಬಹುದು.